ಮಾವನ ನಂಬರ್ ಸಹಿ

ಕೊಡಿಗೇನಹಳ್ಳಿಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ನನ್ನ ಸೋದರಮಾವನಷ್ಟು ಅನುಮಾನದ ಪ್ರಾಣಿಯನ್ನು ನಾನು ಕಂಡಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಯಾವುದೋ ವಿದೇಶಿ ಪತ್ರಿಕೆ ಓದಿದವನೇ ಸಹಿ ಹಾಕುವುದನ್ನೇ ಬಿಟ್ಟುಬಿಟ್ಟ! "ಸಹೀನ ಯಾರ್ ಬೇಕಾದ್ರೂ ನಕಲು ಮಾಡ್ತಾರೆ ಕಣಕ್ಕ," ಎಂದು ಸಿರಾದ ನಮ್ಮ ಮನೆಗೆ ಬಂದು ಅಮ್ಮನಿಗೆ ಹೇಳಿದ. ಅಂದಿನಿಂದ ಅವನ ಕಾಗದಗಳ ಕೊನೆಯಲ್ಲಿ ಹೆಸರಿನ ಜಾಗದಲ್ಲಿ ಒಂದು ನಂಬರು.

ಅದರ ಮರ್ಮ ಇಷ್ಟೇ. ಪ್ರತಿ ಅಕ್ಷರಕ್ಕೂ ಒಂದು ಅಂಕಿ. ಅದನ್ನು ಗುಣಿಸಿ, ಕೂಡಿ, ಭಾಗಿಸಿದರೆ ಉಳಿಯುವ ಶೇಷವೇ ಇಡೀ ಕಾಗದದ ಸಾರ. ಒಂದಕ್ಷರ ತಿದ್ದಿದರೂ ಸಾರ ಕೆಡುತ್ತದೆ. ಆ ಸಾರಕ್ಕೆ ತನ್ನೊಬ್ಬನಿಗೇ ಗೊತ್ತಿರುವ ಗುಟ್ಟಿನ ಅಂಕಿಯೊಂದರ ಕೀಲಿಯಿಂದ ಬೀಗ ಹಾಕುತ್ತಿದ್ದ; ಬೀಗ ಬಿದ್ದ ಆ ನಂಬರೇ ಸಹಿ. ತೆಗೆಯುವ ಕೀಲಿ ಬೇರೊಂದು ಅಂಕಿ. ಅದನ್ನು ಊರಿಗೆಲ್ಲ ಹಂಚಿದ್ದ, ಬಸ್ಸಿನ ಕಂಡಕ್ಟರಿಗೂ! ಬೀಗ ತೆಗೆದಾಗ ಸಿಗುವ ಅಂಕಿ ನಾವು ಹಾಕಿದ ಲೆಕ್ಕಕ್ಕೆ ತಾಳೆಯಾದರೆ ಕಾಗದ ಮಾವನದೇ. ಇಷ್ಟನ್ನೂ ಕಲಿತವಳು ನಮ್ಮಕ್ಕ ಒಬ್ಬಳೇ. "ಭಾನುವಾರ ಬರುತ್ತೇನೆ" ಎಂಬ ಕಾರ್ಡಿನ ಲೆಕ್ಕ ಅವಳು ಮುಗಿಸುವಷ್ಟರಲ್ಲಿ ಮಾವನೇ ಬಂದು ಊಟಕ್ಕೆ ಕೂತಿರುತ್ತಿದ್ದ.

ಒಮ್ಮೆ "ಉಪ್ಪಿಟ್ಟು ಮಾಡಿರು" ಎಂದು ಬರೆದಿದ್ದ. ಅಪ್ಪ ಅದನ್ನು ಗುಟ್ಟಾಗಿ "ಒಬ್ಬಟ್ಟು" ಎಂದು ತಿದ್ದಿದರು. ಅಕ್ಕ ಬಿಟ್ಟಾಳೆಯೇ? "ಈ ಒಬ್ಬಟ್ಟು ನಿಂದು ಕಣಪ್ಪ, ಮಾವುಂದಲ್ಲ," ಎಂದಳು. ಅಪ್ಪ ತೆಪ್ಪಗೆ ಉಪ್ಪಿಟ್ಟು ತಿಂದರು.

ಅಕ್ಕನ ಮದುವೆ ಗೊತ್ತಾಯಿತು. ಗಡಿಬಿಡಿಯಲ್ಲಿ ಅಪ್ಪ ಲಗ್ನಪತ್ರಿಕೆಯಲ್ಲಿ ಮಾವನ ಹೆಸರನ್ನೇ ಬಿಟ್ಟಿದ್ದರು. ವಾರದೊಳಗೆ ಕಾಗದ ಬಂತು: "ಮದುವೆಗೆ ಬರುವುದಿಲ್ಲ. ಕರೆಯಲೂ ಬರಬೇಡಿ." ಅಮ್ಮ ಅಳುತ್ತಾ ಕೂತಳು. ಹುಡುಗಿಯನ್ನು ಹಸೆಮಣೆಗೆ ಕರೆತರಬೇಕಾದವನು ಸೋದರಮಾವನೇ ತಾನೇ?

ಅಕ್ಕ ಪೆನ್ಸಿಲ್ ಹಿಡಿದು ಕೂತಳು. ಎರಡೆರಡು ಸಲ ಲೆಕ್ಕ ಹಾಕಿದಳು.

"ಅಪ್ಪ, ನಂಬರ್ ತಾಳೆ ಆಗ್ತಿಲ್ಲ. ಇದು ಮಾವ ಬರ್ದಿದ್ದಲ್ಲ."

"ಅಕ್ಷರ ಅವುನ್ದೇ ಅಲ್ವೇನಮ್ಮ?"

"ಅಕ್ಷರ ಯಾರಾದ್ರೂ ಬರೀತಾರೆ. ನೀನು ಹೋಗಿ ಕರ್ಕೊಂಡ್ ಬಾ."

ಅಪ್ಪ ಆಗಲೇ ಬಸ್ಸು ಹತ್ತಿದರು. ಕೊಡಿಗೇನಹಳ್ಳಿಯಲ್ಲಿ ಮಾವ ಹೊಸ ಪಂಚೆ ಉಟ್ಟು, ಬ್ಯಾಗು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದನಂತೆ.

"ಕಾಗದ ನಿಂದೇ ಏನ್ಲಾ?" ಎಂದು ಅಪ್ಪ ಕೇಳಿದರು.

"ನಂದೇ ಭಾವ. ಕೋಪ ಬಂದಿತ್ತು, ಬರ್ದೆ."

"ಮತ್ತೆ ಲೆಕ್ಕ ಯಾಕ್ಲಾ ತಪ್ಪಿದೆ? ನೀನು ತಪ್ಪೋನಲ್ಲ."

ಮಾವ ಬ್ಯಾಗು ಎತ್ತಿಕೊಂಡು ಎದ್ದ. ಅವನ ಕಣ್ಣು ತುಂಬಿತ್ತು.

"ಕೂಸು ಲೆಕ್ಕ ಹಾಕಿ ನೋಡ್ತಾ, ಭಾವ?" ಎಂದಷ್ಟೇ ಕೇಳಿದ.