ಕರಡಿಗೆಯ ಮೇಲಿನ ಸೆರಗು

ದೆವ್ವದ ಸಿನಿಮಾದಲ್ಲಿ ಯಾರು ಸಾಯುತ್ತಾರೆಂಬುದು ನನ್ನ ಸೋದರತ್ತೆಗೆ ದೆವ್ವಕ್ಕಿಂತ ಮೊದಲೇ ಗೊತ್ತಾಗುತ್ತದೆ! ಶಿರಹಟ್ಟಿಯ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ನನ್ನ ಮೊಬೈಲನ್ನೊಮ್ಮೆ ಇಣುಕಿದರೆ ಮುಗಿಯಿತು, ತೀರ್ಪು ಸಿದ್ಧ.

"ಈಕಿ ಸಾಯ್ತಾಳ."

"ದೆವ್ವ ಇನ್ನೂ ಬಂದೇ ಇಲ್ಲಲ್ಲ ಅತ್ತಿ!"

"ಹುಡುಗನ ಕೈ ಹಿಡದಾಳಲ್ಲ, ಬರ್ತೈತಿ ತಡಿ."

ಬಂತು. ಸತ್ತಳು. ಹುಡುಗ? ಅವನು ಓಡಿಹೋಗಿ ಬದುಕಿದ!

ಮುತ್ತಿನ ದೃಶ್ಯ ಬಂದರೆ ಅತ್ತೆಯ ಕೈ ಕಣ್ಣಿಗೆ ಹೋಗುವುದಿಲ್ಲ, ಕೊರಳಿಗೆ ಹೋಗುತ್ತದೆ. ಅಲ್ಲಿ ಬೆಳ್ಳಿಯ ಕರಡಿಗೆ. ಅದರೊಳಗೆ ಆಕೆ ದಿನವೂ ಪೂಜಿಸುವ ಲಿಂಗ. ಅದರ ಮೇಲೆ ಸೆರಗೆಳೆದು, ತಾನು ಮಾತ್ರ ಕಣ್ಣರಳಿಸಿ ನೋಡುತ್ತಾಳೆ! ದೆವ್ವ ಕುತ್ತಿಗೆ ಮುರಿಯುವ ಹೊತ್ತಿಗೆ ಸೆರಗು ಸರಿಯುತ್ತದೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳನ್ನು ಅಳಿಸಿದವಳು ನಾನು. ಬಿಡುವುದುಂಟೇ?

"ಮುತ್ತು ಕೊಡೋದನ್ನ ದೇವರು ನೋಡಬಾರದು, ಕೊಲಿ ನೋಡಬಹುದನು?"

"ಕೊಲಿ ನೋಡಿ ಅವಗ ರೂಢಿ ಐತಿ."

ಪ್ರೀತಿಸಿದ ಹುಡುಗಿ ಕೊನೆತನಕ ಬದುಕುವ ಒಂದಾದರೂ ಸಿನಿಮಾ ತೋರಿಸುತ್ತೇನೆಂದು ಪಂಥ ಕಟ್ಟಿದೆ. ಭಾನುವಾರ ಬಂದರೆ ಗದಗಿನಿಂದ ಬಸ್ಸು ಹತ್ತಿ ಹೊಸದೊಂದು ಸಿನಿಮಾ ತರುತ್ತಿದ್ದೆ. ಪರದೇಶದ್ದರಲ್ಲಿ ಶಿಲುಬೆ, ನಮ್ಮದರಲ್ಲಿ ಕುಂಕುಮ. ದೇವರುಗಳು ಬೇರೆ ಬೇರೆ. ಆದರೆ ನಕ್ಕ ಹುಡುಗಿಯನ್ನು ಉಳಿಸಬಾರದೆಂಬ ವಿಷಯಕ್ಕೆ ಬಂದರೆ ಎಲ್ಲರದೂ ಒಮ್ಮತ! ಹುಡುಕಿ ಹುಡುಕಿ ಸೋತೆ.

ಮೊನ್ನೆ ರೇಗಿಯೇ ಬಿಟ್ಟೆ. "ದೆವ್ವ ಅನ್ನೋದೇ ಸುಳ್ಳು ಅತ್ತಿ!"

"ಗೊತ್ತೈತಿ. ನನ್ನ ಮೈಯಾಗೂ ಹೊಕ್ಕಿತ್ತಲ್ಲ."

ಶೇಂಗಾ ಸುಲಿಯುವ ಕೈ ನಿಲ್ಲಲಿಲ್ಲ.

"ನಿಮ್ಮ ಮಾವ ತೀರಿಕೊಂಡ ವರ್ಷ. ಬೆಳ್ಳಟ್ಟ್ಯಾಗ ಹಿಟ್ಟಿನ ಗಿರಣ್ಯಾವ ಏನೋ ಅಂದ, ನಾ ನಕ್ಕೆ. ಅಷ್ಟ. ದೆವ್ವ ಹೊಕ್ಕೈತಿ ಅಂತ ಬೇವಿನ ಬರಲು ತಗೊಂಡು ಬಡದ್ರು. ಹೋತು ಅನ್ನೂತನಕ ಬಡದ್ರು."

"ಹೋತಾ?"

"ನಗೋದು ಹೋತು."

ನಾನೂ ಒಂದು ಹಿಡಿ ಶೇಂಗಾ ಎಳೆದುಕೊಂಡು ಸುಲಿಯತೊಡಗಿದೆ.

ಮೊಬೈಲಿನಲ್ಲಿ ಹುಡುಗಿಯೊಬ್ಬಳು ಬಾವಿಕಟ್ಟೆಯ ಮೇಲೆ ಗೆಳೆಯನ ಭುಜಕ್ಕೊರಗಿ ನಗುತ್ತಿದ್ದಳು. ಹಿಂದೆ ಏನೋ ಅಲುಗಿತು. ಮುಂದೇನೆಂದು ಇಬ್ಬರಿಗೂ ಗೊತ್ತು.

"ಲೇ ಹುಡುಗಿ, ಇಲ್ಲೇ ನಿಲ್ಲಸು," ಎಂದಳು ಅತ್ತೆ. "ಇಲ್ಲೀತನಕ ಆಕಿ ಬದುಕ್ಯಾಳ."

ನಿಲ್ಲಿಸಿದೆ. ನಗು ಪರದೆಯ ಮೇಲೆ ಹಾಗೇ ಉಳಿಯಿತು. ಅತ್ತೆಯ ಕೈ ಕೊರಳಿಗೆ ಹೋಯಿತು. ಮುಚ್ಚಲಿಕ್ಕಲ್ಲ, ಮುಚ್ಚಿದ್ದ ಸೆರಗನ್ನು ಮೆಲ್ಲಗೆ ಸರಿಸಿ ಕರಡಿಗೆಯನ್ನು ಪರದೆಯ ಹತ್ತಿರ ಹಿಡಿದಳು.

"ನೋಡಪಾ ನೀನೂ," ಎಂದಳು. "ಹೆಂಗ ನಗಾಕತ್ತಾಳ ಕೂಸು."