ಕಾಕಾನ ಹಾಳೆಯಲ್ಲಿ ನಮ್ಮೆಲ್ಲರ ಮಚ್ಚೆಗಳು

ನಮ್ಮ ಕಾಕಾ ಇದ್ದಷ್ಟು ದಿನ ಬನಹಟ್ಟಿಯ ನಮ್ಮ ಮನೆಯಲ್ಲಿ ಯಾರಿಗೂ ತಮ್ಮ ಮೈಮೇಲಿನ ಮಚ್ಚೆಯ ಮೇಲೆ ಹಕ್ಕಿರಲಿಲ್ಲ! ಅವೆಲ್ಲ ಕಾಕಾನವು. ನಾವು ಸುಮ್ಮನೆ ಹೊತ್ತುಕೊಂಡು ತಿರುಗುವವರು, ಅಷ್ಟೆ.

ನಮ್ಮಪ್ಪನ ಈ ತಮ್ಮ ಸೀರೆಯ ಸೆರಗಿಗೆ ಡಿಸೈನು ಬಿಡಿಸುತ್ತಿದ್ದವರು. ಗ್ರಾಫ್ ಹಾಳೆಯ ಚೌಕಗಳಲ್ಲಿ ಹೂವು, ನವಿಲು ತುಂಬಿ ತುಂಬಿ ಕಣ್ಣು ಎಷ್ಟು ಪಳಗಿತ್ತೆಂದರೆ, ಒಂದು ಚೌಕ ಹೆಚ್ಚಾದರೂ ದೂರದಿಂದಲೇ ಹಿಡಿಯುತ್ತಿದ್ದರು. ಇಂಥವರು ಒಮ್ಮೆ ಆರೋಗ್ಯ ಶಿಬಿರಕ್ಕೆ ಹೋದರು. ಅಲ್ಲಿ ಚರ್ಮದ ಡಾಕ್ಟರೊಬ್ಬರು, ಮಚ್ಚೆ ದೊಡ್ಡದಾದರೆ, ಅಂಚು ಕೆಟ್ಟರೆ, ಬಣ್ಣ ಬದಲಾದರೆ ತಡಮಾಡದೆ ತೋರಿಸಿ, ಕ್ಯಾನ್ಸರ್ ಇರಬಹುದು ಅಂದರಂತೆ. ಮುಗಿಯಿತು! ನವಿಲು ಪಕ್ಕಕ್ಕೆ ಸರಿದು ನಾವು ಹಾಳೆಯ ಮೇಲೆ ಬಂದೆವು.

ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ. ಬೆಳಿಗ್ಗೆಯೇ ಅಂಗಳದ ಬಿಸಿಲಲ್ಲಿ ನಮ್ಮ ಸಾಲು, ಒಬ್ಬೊಬ್ಬರಿಗೂ ಒಂದು ಗ್ರಾಫ್ ಹಾಳೆ, ಅದರ ಚೌಕಗಳಲ್ಲಿ ನಮ್ಮ ಮಚ್ಚೆಗಳ ಅಳತೆ. ಮುಖ, ಕುತ್ತಿಗೆ, ಕೈ ಕಾಕಾ ನೋಡುವರು. ಹೆಂಗಸರ ಬೆನ್ನನ್ನು ಚಿಗವ್ವ, ಅಂದರೆ ಕಾಕಾನ ಹೆಂಡತಿ, ಒಳಗೆ ನೋಡಿ ಬಂದು ವರದಿ ಒಪ್ಪಿಸಬೇಕು. ನನ್ನ ಕುತ್ತಿಗೆಯ ಮಚ್ಚೆ ಮೂರು ವರ್ಷ ಕೂದಲೆಳೆಯಷ್ಟೂ ಅಲುಗಲಿಲ್ಲ.

“ನಿನ್ನ ಮಚ್ಚಿನೂ ನಿನ್ನಂಗ ಮೈಗಳ್ಳ ಐತಿ ಬೇ. ಇದ್ದಲ್ಲೇ ಬಿದ್ದೈತಿ,” ಎಂದು ಕಾಕಾ ತುಸು ನಿರಾಶೆಯಿಂದಲೇ ಟಿಕ್ ಹಾಕುತ್ತಿದ್ದರು.

ಒಂದು ಎಳ್ಳಮಾವಾಸ್ಯೆಯ ದಿನ ಚಿಗವ್ವನ ಮೊಣಕೈ ಮೇಲೆ ಹೊಸ ಕಪ್ಪು ಚುಕ್ಕೆ ಕಂಡಿತು. ಕಾಕಾನ ಮುಖ ಬಿಳಿಚಿತು. “ನಿನ್ನಿ ಇದ್ದಿದ್ದಿಲ್ಲ. ಒಂದ ರಾತ್ರ್ಯಾಗ ಹುಟ್ಟೇತಿ!” ಭೂತಗನ್ನಡಿ ಬಂತು, ಅಳತೆಪಟ್ಟಿ ಬಂತು. ಚಿಗವ್ವ ಚುಕ್ಕೆಯನ್ನು ಉಗುರಿನಿಂದ ಕಿತ್ತು ಬಾಯಿಗೆ ಹಾಕಿಕೊಂಡಳು.

“ಎಳ್ಳರಿ. ಸಜ್ಜಿ ರೊಟ್ಟಿಗೆ ಹಚ್ಚಾಕತ್ತಿದ್ದೆ.”

ನನ್ನನ್ನು ನೋಡಲು ಮುಧೋಳದಿಂದ ವರನ ಕಡೆಯವರು ಬಂದಾಗಲಾದರೂ ಕಾಕಾ ಸುಮ್ಮನಿರಬೇಕೋ ಬೇಡವೋ? ಉಪ್ಪಿಟ್ಟಿನ ತಾಟು ಕೊಡುವ ನೆಪದಲ್ಲಿ ಹುಡುಗನ ಕಿವಿಯ ಹಿಂದೆ ಬಗ್ಗಿದರು.

“ಈ ಮಚ್ಚಿ ಯಾವಾಗಿಂದ ಐತ್ರಿ?”

ಹುಡುಗನ ತಾಯಿ ಅರಳಿದರು. “ಹುಟ್ಟಿದಾಗಿಂದ ಐತ್ರೀ. ರಾಜಯೋಗ ಅಂತಾರ!”

“ರಾಜಯೋಗದ್ದು ನನಗ ಗೊತ್ತಿಲ್ರಿ. ಅಂಚು ಮಾತ್ರ ಛಲೋ ಐತಿ,” ಎಂದು ಕಾಕಾ ಅಲ್ಲೇ ಒಪ್ಪಿಗೆ ಕೊಟ್ಟುಬಿಟ್ಟರು. ನನ್ನನ್ನು ಯಾರು ಕೇಳಿದರು!

ಎಲ್ಲರ ಹಾಳೆಯೂ ತುಂಬಿತ್ತು. ಚಿಗವ್ವನ ಹಾಳೆಯಲ್ಲಿ ಅಂಗಾಲು ಮಾತ್ರ ಖಾಲಿ. “ಗಂಡ ಆದಾಂವ ಹೆಂಡ್ತಿ ಕಾಲ ಹಿಡೀತಾನೇನ್ರಿ? ನನಗ ಪಾಪ ಸುತಗೊಂತೈತಿ,” ಎಂದು ಆಕೆ ಸೀರೆ ಎಳೆದುಕೊಳ್ಳುತ್ತಿದ್ದಳು.

“ಪಾಪ ನನ್ನ ಹಾಳಿ ಮ್ಯಾಲ ಬರಕೊಂತೀನಿ. ನೀ ಕಾಲ ಚಾಚು!”

ವರ್ಷಗಟ್ಟಲೆ ನಡೆದ ಜಗಳ. ಕೊನೆಗೊಂದು ದಿನ ಕಾಕಾ ಕಾಲನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡೇಬಿಟ್ಟರು. ಹಿಮ್ಮಡಿಯ ಹತ್ತಿರ ಅಂಕುಡೊಂಕಾದ ಕಪ್ಪು ಕಲೆ ಇತ್ತು.

“ಮುಳ್ಳು ಮುರದ ಕಲೆ ಐತ್ರಿ ಅದು,” ಎಂದಳು ಚಿಗವ್ವ. ನಾವೆಲ್ಲ ನಕ್ಕೆವು. ಕಾಕಾ ನಗದೆ ಬರೆದುಕೊಂಡರು. ಮುಂದಿನ ಅಮಾವಾಸ್ಯೆಗೆ ಕಲೆ ಒಂದು ಚೌಕದಷ್ಟು ಆಚೆ ಹಬ್ಬಿತ್ತು.

ಮರುದಿನವೇ ಹಾಳೆ ಸುರುಳಿ ಸುತ್ತಿ, ಅಳುತ್ತಿದ್ದ ಚಿಗವ್ವನನ್ನೂ ತವರಿಗೆ ಬಂದಿದ್ದ ನನ್ನನ್ನೂ ಬಸ್ಸು ಹತ್ತಿಸಿ ಬೆಳಗಾವಿಗೆ ಕರೆದೊಯ್ದರು. ತುಣುಕು ತೆಗೆದು ಪರೀಕ್ಷಿಸಿದರು. ಕ್ಯಾನ್ಸರೇ. ಆದರೆ ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಕಲೆಯನ್ನು ಕತ್ತರಿಸಿ ತೆಗೆದು ತೊಡೆಯ ಚರ್ಮ ಹಚ್ಚಿದರು. ಚಿಗವ್ವ ಇಂದಿಗೂ ತುಸು ಕುಂಟುತ್ತ ಊರೆಲ್ಲ ಓಡಾಡುತ್ತಾಳೆ.

ಆಪರೇಷನ್ ಆದ ದಿನ ಡಾಕ್ಟರು, “ಯಾರ್ರಿ ಇದನ್ನ ಹಿಡದಾವರು? ಛಲೋ ಟೈಮಿಗೆ ತಂದೀರಿ,” ಅಂದಾಗ, ಇನ್ನು ಒಂದು ತಾಸು ಕಾಕಾನ ಭಾಷಣ ಎಂದುಕೊಂಡೆ. ಆಸಾಮಿಯೇ ಅಲ್ಲಿಲ್ಲ! ಹುಡುಕಿದರೆ ವರಾಂಡದ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು.

“ಯಾಕ ಕಾಕಾ? ಎಲ್ಲಾ ಛಲೋ ಆತಲ್ಲ?”

ಗೋಡೆಯ ಕಡೆಯಿಂದ ಮುಖ ತಿರುಗಿಸದೆಯೇ ಅಂದರು: “ಲಗ್ನ ಆಗಿ ಮೂವತ್ತೆಂಟ ವರ್ಷ ಆತು. ಅಕಿ ಅಂಗಾಲ ಈಗ ನೋಡೀನಿ. ಎಷ್ಟ ಒಡದಾವು ಗೊತ್ತೇನು? ಒಂದ ದಿನಾನೂ ಬ್ಯಾನಿ ಅಂದಿಲ್ಲ ಬೇ ಅಕಿ.”