ದ್ಯಾಮಪ್ಪನನ್ನು ಗಂಡನ ಮನೆಗೆ ಕಳಿಸಿದ್ದು

ದ್ಯಾಮಪ್ಪ, ಕಲ್ಲವ್ವ ದಂಪತಿಯ ಬಗ್ಗೆ ಓಣಿಯವರು ಒಂದು ಮಾತು ಹೇಳುತ್ತಿದ್ದರು. ಆ ಮನೆಯೊಳಗೆ ಸದ್ದಿಲ್ಲವೆಂದರೆ ಇಬ್ಬರಲ್ಲಿ ಒಬ್ಬರು ಬನವಾಸಿಗೆ ಹೋಗಿದ್ದಾರೆಂದು ತಿಳಿಯಬೇಕಂತೆ. ಇಬ್ಬರೂ ಕೂಡಿ ಹೋದರೆ? ಆಗ ಓಣಿ ತಣ್ಣಗಿರುತ್ತದೆ, ಬನವಾಸಿಯವರ ಪಾಡು ಬನವಾಸಿಯವರು ನೋಡಿಕೊಳ್ಳಲಿ.

ಆವತ್ತು ಇಬ್ಬರೂ ಮನೆಯಲ್ಲೇ ಇದ್ದರು. ಪಡಸಾಲೆಯ ನಡುವೆ, ಬೋರಲು ಹಾಕಿದ ಹಿತ್ತಾಳೆ ಕೊಡದ ಮೇಲೆ ಒಂದು ಮೈಕು ನಿಂತಿತ್ತು. ಅದನ್ನು ತಂದವಳು ಅಭಿಜ್ಞಾ. ಹೆಗ್ಗರಣೆ ಕಡೆಯ ಹುಡುಗಿ, ಕೆಲಸ ಶಿರಸಿಯಲ್ಲಿ. ಹಳೆಯ ಹಾಡುಗಾರರ ದನಿ ಹಿಡಿದು ಯಂತ್ರಕ್ಕೆ ಕಲಿಸುವುದು ಅವಳ ಕಚೇರಿಯ ಕಸುಬು. ಕಲ್ಲವ್ವನ ಗಂಟಲಲ್ಲಿ ನಿಂಬೆಕಾಯಿಯಷ್ಟು ಗಂಟಾಗಿ, ಸೋಮವಾರ ಹುಬ್ಬಳ್ಳಿಯಲ್ಲಿ ಆಪರೇಶನ್ ಎಂದು ಗೊತ್ತಾಗಿತ್ತು. ಆಮೇಲೆ ದನಿ ಮೊದಲಿನಂತೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದಿದ್ದರು ಡಾಕ್ಟರು. ಮುಂದಿನ ತಿಂಗಳು ಮೊಮ್ಮಗಳು ಜ್ಯೋತಿಯ ಮದುವೆ. ಅಜ್ಜಿಯ ಹಾಡಿಲ್ಲದೆ ನಾನು ಹೊಸ್ತಿಲು ದಾಟುವುದಿಲ್ಲ ಎಂದು ಹಟ ಹಿಡಿದ ಜ್ಯೋತಿಯೇ ಈ ಮೈಕಿನ ಹುಡುಗಿಯನ್ನು ಹುಡುಕಿ ಕಳಿಸಿದ್ದಳು.

ಕಲ್ಲವ್ವ: ಹಾಡಂಗಿಲ್ಲ ಅಂದ್ರ ಹಾಡಂಗಿಲ್ಲ.

ಅಭಿಜ್ಞಾ: ಅಜ್ಜಿ, ಬೆಳಿಗ್ಗೆಯಿಂದ ಹದಿನೇಳು ಹಾಡು ಹಾಡಿದ್ರಿ. ಬೀಸೋದು, ಕುಟ್ಟೋದು, ಅರಿಶಿನ ಹಚ್ಚೋದು, ಬೀಗರನ್ನ ಬೈಯೋದು, ಎಲ್ಲಾ ಆಯ್ತು. ಇದೊಂದಕ್ಕೆ ಎಂತ ಆಯ್ತು?

ಕಲ್ಲವ್ವ: ಅವೆಲ್ಲಾ ಕುಂತು ಹಾಡೂವು. ಇದು ಹೆಣ್ಣು ಕಳಿಸೂ ಹಾಡು. ಹೊಸ್ತಿಲ ದಾಟೂ ಕಾಲು ಇಲ್ಲದ ಇದನ್ನ ಬಾಯಾಗ ತರಬಾರ್ದು. ನಮ್ಮತ್ತಿ ನನಗ ಕಲಸೂ ಮುಂದ ಒಂದು ಆಕಳ ಕರಾನ ಮನಿಯಿಂದ ಹೊರಗ ಅಟ್ಟಿ ಕಲಿಸ್ಯಾಳ.

ದ್ಯಾಮಪ್ಪ: ಆ ಕರ ತಿರುಗಿ ಬರಲೇ ಇಲ್ಲ. ಭಾಳ ಶ್ಯಾಣ್ಯಾ ಕರ.

ಅಭಿಜ್ಞಾ: ಅಜ್ಜ, ಕೈ ಮುಗೀತೇನೆ. ನೀವು ಮಾತಾಡಿದ್ದೂ ಇದರಲ್ಲಿ ಬರ್ತದೆ. ಹದಿನೇಳು ಹಾಡು ಇದೆಯಲ್ಲ, ಹದಿನೇಳರಲ್ಲೂ ನೀವಿದ್ದೀರಿ.

ದ್ಯಾಮಪ್ಪ: ಐವತ್ತೆರಡು ವರ್ಷ ಈಕಿ ಹಾಡಿನ ನಡುವ ಬಾಯಿ ಹಾಕೇನಿ ತಂಗಿ. ಅದನ್ನ ತಗದ್ರ ಹಾಡು ಬೋಳು ಬೋಳು ಕಾಣತೈತಿ. ನಿಮ್ಮ ಯಂತ್ರಕ್ಕ ಅಷ್ಟೂ ತಿಳೀದಿದ್ರ ನಾ ಏನು ಮಾಡಲಿ?

ಕಲ್ಲವ್ವ: ಅವರ ಮಾತು ಬಿಡು. ಇದು ಹಾಡು ಕಲತ ಮ್ಯಾಲ ಏನು ಮಾಡತೈತಿ ಹೇಳು.

ಅಭಿಜ್ಞಾ: ನಿಮ್ಮ ದನಿಯಲ್ಲೇ ಹಾಡ್ತದೆ ಅಜ್ಜಿ. ಮದುಮಗಳ ಹೆಸರು ಹೇಳಿದ್ರೆ ಆ ಹೆಸರು ಸೇರಿಸಿಕೊಂಡು ಹಾಡ್ತದೆ. ಇನ್ನೂ ಐವತ್ತು ವರ್ಷ ಆದ್ಮೇಲೂ ಹಾಡ್ತದೆ. ಒಂದೇ ದಿನ ನೂರು ಮದುವೆಯಲ್ಲಿ ಬೇಕಾದ್ರೂ.

ದ್ಯಾಮಪ್ಪ: ನೂರು ಕಡೆ ಈಕಿ ದನಿ! ದೇವರು ಒಂದ ಕಡೆ ಇಟ್ಟಿದ್ದನ್ನ ತಡಕೊಳ್ಳೂದು ನನಗ ಆಗಿಲ್ಲ.

ಕಲ್ಲವ್ವ: ನೂರು ಮದುವಿ ಅಂದ್ರ ಹಾಡಿದಾಕಿಗೆ ನೂರು ಕುಪ್ಪಸದ ಕಣ, ನೂರು ಸಲ ಎಲಿ ಅಡಕಿ. ಅದನ್ನ ಯಾರು ಇಸಗೋತಾರ?

ಅಭಿಜ್ಞಾ: ಯಂತ್ರಕ್ಕೆ ಕುಪ್ಪಸ ಎಂತಕ್ಕೆ ಅಜ್ಜಿ?

ದ್ಯಾಮಪ್ಪ: ಈಗ ಬ್ಯಾಡ ಅಂತೈತಿ. ನಾಲ್ಕು ಮದುವಿ ತಿರಗ್ಯಾಡಿ ಬರಲಿ, ಬೀಗರು ನನ್ನ ಸರಿಯಾಗಿ ಮಾತಾಡಸಲಿಲ್ಲ ಅಂತ ಅದೂ ಮಾರಿ ಉಬ್ಬಸತೈತಿ. ಮುಂದಿಂದು ನಾ ಹೇಳತೀನಿ ಕೇಳು. ಅಕ್ಷತಿ ಒಗಿಯಾಕ ಡ್ರೋನು. ಮಂತ್ರಕ್ಕ ಫೋನು. ಹಾಡಾಕ ಈ ಕೊಡದ ಮ್ಯಾಲಿನ ಕೋಲು. ಹೆಣ್ಣು ಒಂದು ಊರಾಗ, ಗಂಡು ಒಂದು ಊರಾಗ, ತಾಳಿ ಕೊರಿಯರ್‌ನ್ಯಾಗ ಬರತೈತಿ. ಮಂದಿಗೆ ಉಳಿಯೂದು ಊಟ ಒಂದ. ಅದಕ್ಕ ಯಾರೂ ಯಂತ್ರ ಮಾಡಂಗಿಲ್ಲ, ಮಾಡಾವರೂ ಉಣ್ಣಬೇಕಲ್ಲ.

ಕಲ್ಲವ್ವ: ನಮ್ಮ ಮದುವ್ಯಾಗ ತಾಳಿ ಮನ್ಯಾಗ ಮರತು ಬಂದಿದ್ರಿ. ಆಗ ಕೊರಿಯರ್ ಇದ್ದಿದ್ರ ಚಲೋ ಆಗತಿತ್ತು.

ದ್ಯಾಮಪ್ಪ: ಮರತಿದ್ದಿಲ್ಲ. ವಿಚಾರ ಮಾಡಾಕ ಇನ್ನೊಂದು ತಾಸು ಬೇಕಾಗಿತ್ತು.

ಅಭಿಜ್ಞಾ ಗಡಿಯಾರ ನೋಡಿದಳು. ಶಿರಸಿ ಬಸ್ಸಿಗೆ ಒಂದು ತಾಸೂ ಉಳಿದಿರಲಿಲ್ಲ. "ಅಯ್ಯೋ ದೇವ್ರೇ, ಎಂತ ಮಾಡವು ಈಗ" ಎಂದು ತನ್ನ ಮನೆಮಾತಿನಲ್ಲಿ ತಾನೇ ಗೊಣಗಿಕೊಂಡಳು. ಕಲ್ಲವ್ವ ಮೈಕನ್ನು ನೋಡಿದಳು, ಬಾಗಿಲು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

ಕಲ್ಲವ್ವ: ಏಳ್ರಿ.

ದ್ಯಾಮಪ್ಪ: ಎಲ್ಲಿಗೆ?

ಕಲ್ಲವ್ವ: ಗಂಡನ ಮನಿಗೆ.

ಅಭಿಜ್ಞಾಳಿಗೆ ಇದು ಒಳ್ಳೆಯದೇ ಅನ್ನಿಸಿತು. ಹಾಡಿಗೆ ಹೊಸ್ತಿಲು ದಾಟುವ ಕಾಲೂ ಸಿಕ್ಕಿತು, ನಡುವೆ ಬಾಯಿ ಹಾಕುವವರೂ ಹೊರಗೆ ಹೋದಂತಾಯಿತು. ಆದರೆ ಉಡಿ ತುಂಬದೆ ಹೆಣ್ಣನ್ನು ಕಳಿಸಿದರೆ ಹಾಡು ಗಂಟಲಿನಿಂದ ಏಳುವುದಿಲ್ಲವೆಂದು ಕಲ್ಲವ್ವ ಹಟ ಹಿಡಿದಳು. ದ್ಯಾಮಪ್ಪನ ಹಣೆಗೆ ಕುಂಕುಮವಾಯಿತು. ಹೆಗಲ ಟವೆಲ್ಲಿನಲ್ಲಿ ಅಕ್ಕಿ, ತೆಂಗಿನಕಾಯಿ, ಐದು ಎಲೆ. ಕಂಕುಳಲ್ಲಿ ಒಂದು ಬಟ್ಟೆಗಂಟು.

ದ್ಯಾಮಪ್ಪ: ಎಪ್ಪತ್ತಾರನೇ ವರ್ಷಕ್ಕ ನನಗ ವರ ನೋಡ್ಯಾಳ. ಹುಡುಗ ಏನು ಮಾಡತಾನ? ಹೊಲ ಮನಿ ಐತೇನು?

ಕಲ್ಲವ್ವ: ನಿಮ್ಮನ್ನ ಒಪ್ಪ್ಯಾನ ಅಂದ್ರ ಹುಡುಗನ ಕಡೆ ಏನೋ ಐಬು ಇರಬೇಕು. ನಾ ಕೇಳಾಕ ಹೋಗಲಿಲ್ಲ. ನಡೀರಿ.

ದ್ಯಾಮಪ್ಪ ಹೊರಟ. ಕಲ್ಲವ್ವ ಕಣ್ಣು ಮುಚ್ಚಿ ದನಿ ತೆಗೆದಳು.

*ಬೇಲೀಯ ಹೀರಿಬಳ್ಳಿ ಆಚೀಯ ಮನಿಗ್ಹಬ್ಬಿ*
*ಹೂವೆಲ್ಲ ಅತ್ತ ಅರಳ್ಯಾವ...*

ದ್ಯಾಮಪ್ಪ: (ಹೊಸ್ತಿಲ ಮೇಲೆ ನಿಂತು) ಹೌದಲ್ಲ! ಅದ ಹೀರಿಕಾಯಿ ಸಲುವಾಗಿ ಬಾಜೂ ಮನಿ ಬಸಪ್ಪನ ಕೂಡ ಮೂರು ತಿಂಗಳು ಮಾತು ಬಿಟ್ಟಿದ್ವಿ ನೋಡು.

ಅಭಿಜ್ಞಾ: ಅಜ್ಜಾ!

ಕಲ್ಲವ್ವ: ಗಂಡನ ಮನಿಗೆ ಹೋಗೂ ಹೆಣ್ಣು ಹೀರಿಕಾಯಿ ಮಾತಾಡತೈತೇನ್ರಿ? ಒಳಗ ಬರ್ರಿ. ತಿರುಗಿ ಹೋಗ್ರಿ.

ಎರಡನೆಯ ಸಲ ದ್ಯಾಮಪ್ಪ ತುಟಿ ಬಿಗಿದುಕೊಂಡು ಅಂಗಳದವರೆಗೆ ಹೋದ. ಹಾಡು ಚೆನ್ನಾಗಿಯೇ ಸಾಗಿತ್ತು. ಬೇಲಿಯಾಚೆ ಬಾಜೂ ಮನೆಯ ಬಸಪ್ಪ ಬಟ್ಟೆ ಒಣಹಾಕುತ್ತಿದ್ದ.

ಬಸಪ್ಪ: ಯಾಕ ಕಾಕಾ, ಗಂಟು ಕಟ್ಟಿಕೊಂಡು ಎತ್ತಾಗ ಹೊಂಟಿ?

ದ್ಯಾಮಪ್ಪ: ಕಾಕಿ ನನ್ನ ಕಳಸಾಕ ಹತ್ಯಾಳಪಾ. ತಿರುಗಿ ಬರಬ್ಯಾಡ ಅನ್ನೂ ಹಾಡು ನಡದೈತಿ.

ಬಸಪ್ಪ: (ಕೈಯಲ್ಲಿನ ಬಟ್ಟೆ ಬಿಟ್ಟು ಓಡಿಬಂದು) ಕಾಕೀ! ಇಷ್ಟು ವರ್ಷ ತಡಕೊಂಡಿ, ಇನ್ನ ನಾಲ್ಕು ದಿನ ತಡಕೋ! ಈ ವಯಸ್ಸಿನ್ಯಾಗ ಮುದುಕನ್ನ ಹೊರಗ ಹಾಕಿದ್ರ ಅವನ್ನ ಯಾರು ಒಳಗ ಕರಕೋತಾರ? ಓಣ್ಯಾಗ ಮೊದಲ ಮನಿ ನಮ್ಮದ ಐತಿ!

ಕಲ್ಲವ್ವ: ಹೆದರಬ್ಯಾಡೋ, ನಿಮ್ಮನಿಗೆ ಕಳಸಂಗಿಲ್ಲ. ಹಾಡಿನ ಸಲುವಾಗಿ ಕಳಸಾಕ ಹತ್ತೇನಿ.

ಬಸಪ್ಪ: ಹಾಡಿನ ಸಲುವಾಗಿ ಮನಿ ಮುರಕೋತಾರೇನು ಕಾಕಿ? ನಾವೂ ರಾತ್ರಿ ಹಗಲು ಕೇಳೇವಿ, ನಾವೇನು ಊರು ಬಿಟ್ಟೇವೇನು?

ಅಭಿಜ್ಞಾ ಮೈಕಿನ ಗುಂಡಿ ಒತ್ತಿ ನಿಲ್ಲಿಸಿದಳು. ಬಸಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಕಟ್ಟೆಯ ಮೇಲೆ ಬಾಯಿ ಮುಚ್ಚಿ ಕೂರುವಂತೆ ಮಾಡುವಷ್ಟರಲ್ಲಿ ಹತ್ತು ನಿಮಿಷ ಹೋಯಿತು.

ಮೂರನೆಯ ಸಲ ಯಾರೂ ತುಟಿ ಬಿಚ್ಚಲಿಲ್ಲ. ದ್ಯಾಮಪ್ಪ ತಲೆ ತಗ್ಗಿಸಿ ಅಂಗಳ ದಾಟಿ ಬೇಲಿಯ ಮರೆಗೆ ಹೋದ. ಒಳಗೆ ಹಾಡು ಕೊನೆಯವರೆಗೂ ನಡೆಯಿತು.

*ಹೂವೆಲ್ಲ ಅತ್ತ ಅರಳ್ಯಾವ ನನಕಂದ*
*ನೀರಷ್ಟ ಇತ್ತ ಉಳದಾವ*

ಅಭಿಜ್ಞಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ದ್ಯಾಮಪ್ಪ ಮರಳಿ ಬಂದು ಗಂಟು ಇಳಿಸಿದ. ಹಿಡಿದ ಹಾಡನ್ನು ಅವಳು ಕೇಳಿಸಿದಳು. ಎಲ್ಲ ಸೊಗಸಾಗಿತ್ತು. ಕೊನೆಯ ಸಾಲು ಮುಗಿಯುವಾಗ ಮಾತ್ರ ದೂರದಿಂದ ಹಿಕ್, ಹಿಕ್ ಎಂದು ಏನೋ ಬಿಕ್ಕಿತು.

ಅಭಿಜ್ಞಾ: ಇದು ಯಾರು?

ದ್ಯಾಮಪ್ಪ: ಬಸಪ್ಪನ ಎಮ್ಮಿ.

ಬಸಪ್ಪ: (ಕಟ್ಟೆಯಿಂದ) ನಮ್ಮ ಎಮ್ಮಿ ಮಾರಿ ವರ್ಷ ಆತು ಕಾಕಾ.

ಕಲ್ಲವ್ವ: ನಿಮ್ಮ ತಂಗೀನ ಕಳಸೂ ಮುಂದ ಅಳಲಿಲ್ಲ, ಮಗಳನ್ನ ಕಳಸೂ ಮುಂದ ಅಳಲಿಲ್ಲ. ನಿಮ್ಮನ್ನ ಕಳಸೂ ಮುಂದ ನೀವ ಅಳತೀರಿ?

ದ್ಯಾಮಪ್ಪ: ನೆಗಡಿ ಆಗೇತಿ. ತಂಗೀ, ಅದಿರಲಿ, ಒಂದು ಕೇಳತೀನಿ. ನಿಮ್ಮ ಯಂತ್ರ ಬೈತೈತೇನು? ಹಾಡು ಊರ ಮಂದಿಗೆ ಇರಲಿ. ಸೋಮವಾರ ಆದ ಮ್ಯಾಲ ಮನ್ಯಾಗ ನನಗ ಬೈಯಾಕ ಒಂದು ದನಿ ಬೇಕಾಗತೈತಿ.

ಕಲ್ಲವ್ವ ಸೆರಗಿನಿಂದ ಕೊಡದ ಮೇಲಿನ ಇಲ್ಲದ ಧೂಳನ್ನು ಒರೆಸಿದಳು.

ಅಭಿಜ್ಞಾ: ಬೈಗುಳ ಬೇಕಾದಷ್ಟು ಸಿಕ್ಕಿದೆ ಅಜ್ಜ. ಬೆಳಿಗ್ಗೆಯಿಂದ ಹಾಡಿಗಿಂತ ಅದೇ ಜಾಸ್ತಿ. ಆದ್ರೆ ಈ ಬಿಕ್ಕು ಬೇಡ. ಯಂತ್ರ ಅದನ್ನೂ ಹಾಡು ಅಂತಲೇ ಕಲೀತದೆ. ಆಮೇಲೆ ಎಲ್ಲರ ಮದುವೆಯಲ್ಲೂ ಕೊನೆಗೆ ನಿಮ್ಮ ಹಾಗೇ ಬಿಕ್ಕಿ ನಿಲ್ಲಿಸ್ತದೆ.

ದ್ಯಾಮಪ್ಪ: ಬಿಕ್ಕಲಿ ಬಿಡು. ಮುಂದಿನ ಮದುವ್ಯಾಗ ಅಳಾವರು ಯಾರು ಇರತಾರ? ಎಲ್ಲಾರೂ ಫೋನ್ ಎತ್ತಿ ಹಿಡಕೊಂಡು ನಿಂತಿರತಾರ. ಎರಡೂ ಕೈ ತುಂಬಿರತಾವ, ಕಣ್ಣು ಒರಸಾಕ ಮೂರನೇ ಕೈ ಎಲ್ಲಿಂದ ತರತಾರ? ಯಂತ್ರ ಆದ್ರೂ ಅಳಲಿ.

ಕಲ್ಲವ್ವ: ಬ್ಯಾಡ. ಈ ಹಿಕ್ ಹಿಕ್ ಕೇಳಿದ್ರ ಜ್ಯೋತಿ ಹೊಸ್ತಿಲದಾಗ ನಿಂತು ಕಿಸಕ್ಕನ ನಗತಾಳ. ಬೀಗರ ಮುಂದ ನನ್ನ ಹಾಡು ನಗಿಗೇಡು ಆಗಬಾರ್ದು. ಇನ್ನೊಂದ ಸಲ ಹೋಗ್ರಿ. ಇದ ಕಡೀದು.

ಅಭಿಜ್ಞಾ ಮೈಕು ಸರಿಮಾಡಿದಳು. ಬಸಪ್ಪ ಕಟ್ಟೆಯ ಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ದ್ಯಾಮಪ್ಪ ಗಂಟು ಎತ್ತಿ ಕಂಕುಳಲ್ಲಿಟ್ಟುಕೊಂಡ. ಟವೆಲ್ಲಿನಿಂದ ಒಂದು ಹಿಡಿ ಅಕ್ಕಿ ಸೋರಿತು. ಕಲ್ಲವ್ವ ಬಗ್ಗಿ ಆರಿಸಿ ಮತ್ತೆ ಉಡಿಗೆ ಹಾಕಿದಳು.

ಕಲ್ಲವ್ವ: ಈ ಸಲ ಅಳಬ್ಯಾಡ್ರಿ ಮತ್ತ.

ದ್ಯಾಮಪ್ಪ: ನೀ ಅಷ್ಟು ಚಂದ ಹಾಡಬ್ಯಾಡ, ನಾ ಅಳಂಗಿಲ್ಲ.

ಅಷ್ಟು ಹೇಳಿ, ಕುಂಕುಮದ ಹಣೆ ತಗ್ಗಿಸಿ, ದ್ಯಾಮಪ್ಪ ಹೊಸ್ತಿಲು ದಾಟಿದ.